ಮನೆ ಅಂದರೆ ಯಾವುದು?



ಹೋದ ಸಲ ಶಿವಗಂಗೆಗೆ ಬಂದಾಗ ಆರು ವರ್ಷದ ಮೊಮ್ಮಗನನ್ನೂ ಕರೆದುಕೊಂಡು ಬಂದಿದ್ದೆ. ಗವಿಯೊಳಗೆ ಗಂಗಾಧರೇಶ್ವರನ ದರ್ಶನವಾಯಿತು. ಹೊನ್ನಾದೇವಿ ಅಮ್ಮನವರಿಗೂ ಕೈಮುಗಿದೆವು. ಹೊರಗೆ ಬಂದು ಕಲ್ಲಿನ ಮೇಲೆ ಕೂತು ಸುಧಾರಿಸಿಕೊಳ್ಳುತ್ತಿದ್ದಾಗ ಹುಡುಗ ಕೇಳಿದ, "ತಾತ, ಸ್ವಾಮಿ ಮನೆ ಇಷ್ಟೇನಾ? ಒಂದೇ ರೂಮಾ?"

ಪಕ್ಕದಲ್ಲಿ ಕೂತಿದ್ದವರೆಲ್ಲ ನಕ್ಕರು. ನಾನೂ ನಕ್ಕೆ. ಆದರೆ ಆ ಪ್ರಶ್ನೆ ಬೆಟ್ಟ ಇಳಿಯುವಷ್ಟು ಹೊತ್ತೂ ನನ್ನ ಜೊತೆಗೇ ಇಳಿಯಿತು. ಹುಡುಗನದೇನೂ ತಪ್ಪಿಲ್ಲ ಬಿಡಿ. ಅವನು ಬೆಳೆಯುತ್ತಿರುವುದು ಬೆಂಗಳೂರಿನ ಇಟ್ಟಮಡುವಿನಲ್ಲಿ. ಬನಶಂಕರಿ ಮೂರನೇ ಹಂತ, ಕತ್ರಿಗುಪ್ಪೆ, ಹೊಸಕೆರೆಹಳ್ಳಿ ಇವುಗಳ ಮಗ್ಗುಲಲ್ಲಿರುವ ಜಾಗ ಅದು. ಒಂದು ಕಾಲಕ್ಕೆ ಹಳ್ಳಿ, ಈಗ ಗೋಡೆಗೆ ಗೋಡೆ ತಾಗಿದ ಮೂರು ನಾಲ್ಕು ಅಂತಸ್ತಿನ ಕಟ್ಟಡಗಳು. ಬೀದಿಗೆ ನಾಲ್ಕು ಗೇಟಿನ ಮೇಲಾದರೂ "ಮನೆ ಬಾಡಿಗೆಗೆ ಇದೆ" ಅಂತ ಬೋರ್ಡು ನೇತಾಡುತ್ತಿರುತ್ತದೆ. ಅದರ ಕೆಳಗೆ ಒಂದು ಬಿ.ಎಚ್.ಕೆ., ಎರಡು ಬಿ.ಎಚ್.ಕೆ. ಅಂತ ಲೆಕ್ಕ. ಮನೆ ಅಂದರೆ ಎಷ್ಟು ರೂಮು ಅನ್ನುವ ಲೆಕ್ಕವೇ ಆ ಮಗುವಿಗೆ ಗೊತ್ತಿರುವುದು.

ಹಾಗಾದರೆ ಮನೆ ಅಂದರೆ ಯಾವುದು? ದಿನಕ್ಕೆ ನೂರು ಸಲ ಬಾಯಲ್ಲಿ ಬರುವ ಮಾತು. ನಿಂತು ಕೇಳಿಕೊಂಡವರು ಕಡಿಮೆ.

ಒಂದೇ ಮಾತು, ಎಷ್ಟೊಂದು ಜಾಗ

ಕನ್ನಡದಲ್ಲಿ ಮನೆ ಅಂದರೆ ಇಡೀ ಮನೆಯೂ ಹೌದು, ಅದರ ಒಳಗಿನ ಒಂದೊಂದು ಭಾಗವೂ ಹೌದು. ನಮ್ಮ ಅಜ್ಜಿಯ ಊರಿನ ತೊಟ್ಟಿಮನೆಯಲ್ಲಿ ನಡುಮನೆ ಇತ್ತು, ಅಡಿಗೆಮನೆ ಇತ್ತು, ದೇವರಮನೆ, ಬಚ್ಚಲುಮನೆ ಇದ್ದವು. ಒಂದು ಮನೆಯ ಹೊಟ್ಟೆಯಲ್ಲಿ ನಾಲ್ಕು ಮನೆ! 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟೆಲ್ ಅವರ ನಿಘಂಟಿನಲ್ಲೂ ಈ ಮಾತಿಗೆ ವಾಸದ ಜಾಗ, ಒಳಗಿನ ಕೋಣೆ ಎಂದು ಎರಡೂ ಅರ್ಥಗಳಿವೆ.

ರಾಜ ಇರುವುದು ಅರಮನೆ, ಅಂದರೆ ಅರಸನ ಮನೆ. ಕಳ್ಳನನ್ನು ಇಡುವುದು ಸೆರೆಮನೆ. ಹೆಣ್ಣುಮಗಳು ಹುಟ್ಟಿದ್ದು ತವರುಮನೆ, ಸೇರಿದ್ದು ಅತ್ತೆಮನೆ. ಜಾತಕ ಬರೆಸಿದರೆ ಅಲ್ಲಿ ಹನ್ನೆರಡು ಮನೆ. ಚದುರಂಗದ ಹಾಸಿನಲ್ಲಿ ಅರವತ್ನಾಲ್ಕು ಮನೆ. ಚೌಕಾಬಾರ ಆಡಿದವರಿಗೆ ಇನ್ನೊಂದು ಸಂಗತಿ ಗೊತ್ತು. ಅಡ್ಡಗೆರೆ ಎಳೆದು ಗುರುತು ಮಾಡಿದ ಮನೆಯಲ್ಲಿ ಕೂತ ಕಾಯನ್ನು ಯಾರೂ ಹೊಡೆಯುವ ಹಾಗಿಲ್ಲ. ಹೊರಗೆ ನಾಲ್ಕು ಕಡೆಯಿಂದ ಅಟ್ಟಿಸಿಕೊಂಡು ಬಂದರೂ ಆ ಮನೆ ಹೊಕ್ಕರೆ ಆಯಿತು, ಜೀವ ಉಳಿಯಿತು.

ಅಷ್ಟೇ ಅಲ್ಲ, ಮನುಷ್ಯರಿಗೂ ಈ ಹೆಸರು ಸಲ್ಲುತ್ತದೆ. ಹೆಂಡತಿಯನ್ನು ಗಂಡ, ಗಂಡನನ್ನು ಹೆಂಡತಿ "ನಮ್ಮ ಮನೆಯವರು" ಅನ್ನುತ್ತಾರೆ. ಕಾಯಿಲೆಯೋ ಚಿಂತೆಯೋ ಬಂದು ಹೋಗದೆ ಕೂತರೆ "ಮನೆ ಮಾಡಿದೆ" ಅನ್ನುತ್ತೇವೆ. ಈ ಕೊನೆಯ ಮಾತಿನಲ್ಲಿ ಇಡೀ ಗುಟ್ಟು ಇದೆ. ಬಂದು ಹೋಗುವುದಕ್ಕೆ ಆ ಮಾತು ಆಗುವುದಿಲ್ಲ. ಉಳಿದರೆ ಮಾತ್ರ ಮನೆ.

ಭಾಷೆ ಬಲ್ಲವರು ಹೇಳುವುದೂ ಇದನ್ನೇ. ತಮಿಳಿನಲ್ಲೂ ಮನೆಗೆ ಮನೈ ಅನ್ನುವ ಮಾತಿದೆ. ನೆಲೆಯಾಗಿ ನಿಲ್ಲು, ಉಳಿ, ಬಾಳು ಎಂಬ ಅರ್ಥದ ತಮಿಳಿನ ಮನ್ನು ಎಂಬ ಧಾತುವಿಗೆ ಅದನ್ನು ಜೋಡಿಸುತ್ತಾರೆ. ತೆಲುಗಿನಲ್ಲಿ ಮನುಗಡ ಅಂದರೆ ಬಾಳ್ವೆ. ಮನೆ ಮತ್ತು ಮನ ಒಂದೇ ಬೇರಿನವು ಅಂತ ಕೆಲವರು ಉಪನ್ಯಾಸಗಳಲ್ಲಿ ಹೇಳುವುದುಂಟು. ಕೇಳಲು ಚಂದ, ಆದರೆ ನಿಜವಲ್ಲ. ಮನ ಅನ್ನುವುದು ಸಂಸ್ಕೃತದ ಮನಸ್ ನಿಂದ ಬಂದದ್ದು, ಮನೆ ಅನ್ನುವುದು ನಮ್ಮ ದ್ರಾವಿಡ ಮಾತು. ಶಬ್ದದಲ್ಲಿ ನಂಟಿಲ್ಲದ ಆ ಎರಡಕ್ಕೆ ಬದುಕಿನಲ್ಲಿ ನಂಟು ಕಟ್ಟುವುದು ನಮ್ಮ ಕೈಯಲ್ಲಿದೆ.

ಜಾಗ, ಕಣಜ, ನೆಲೆ

ಈಗ ನಾವು ಮನೆಯೊಳಗಿನ ಭಾಗಗಳಿಗೆ ಬಳಸುವ ಬೇರೆ ಮಾತುಗಳನ್ನು ನೋಡಿ. ರೂಮ್ ಅನ್ನುವುದು ಇಂಗ್ಲಿಷಿನಿಂದ ಬಂತು. ಅದರ ಮೊದಲ ಅರ್ಥ ಬರೀ ಜಾಗ, ಎಡೆ ಅಂತ. ಕೊಠಡಿ ಅನ್ನುವುದು ಸಂಸ್ಕೃತದ ಕೋಷ್ಠ ಎಂಬ ಮಾತಿನ ಬಳಗದ್ದು. ಕೋಷ್ಠ ಅಂದರೆ ಹೊಟ್ಟೆಯೂ ಹೌದು, ಧಾನ್ಯ ತುಂಬಿಡುವ ಕಣಜವೂ ಹೌದು. ಅಂದರೆ ಮೂರು ಮಾತು ಮೂರು ದಿಕ್ಕಿಗೆ ಬೆರಳು ತೋರಿಸುತ್ತವೆ. ರೂಮ್ ಕೇಳುವುದು "ಎಷ್ಟು ಜಾಗ ಇದೆ?" ಅಂತ. ಕೊಠಡಿ ಕೇಳುವುದು "ಏನೇನು ತುಂಬಿಟ್ಟಿದ್ದೀಯ?" ಅಂತ. ಮನೆ ಕೇಳುವುದು "ಇಲ್ಲಿ ಯಾರು ನೆಲೆ ನಿಂತಿದ್ದಾರೆ?" ಅಂತ.

ಮೂರೂ ಬೇಕಾದ ಪ್ರಶ್ನೆಗಳೇ. ಜಾಗವಿಲ್ಲದೆ ಬದುಕಲು ಆಗುವುದಿಲ್ಲ, ನಾಳೆಗೆ ಇಷ್ಟು ಕೂಡಿಡದೆಯೂ ಆಗುವುದಿಲ್ಲ. ಆದರೆ ಮೊದಲೆರಡು ಪ್ರಶ್ನೆಗಳಿಗೇ ಆಯುಷ್ಯವೆಲ್ಲ ಕಳೆದು, ಮೂರನೆಯದಕ್ಕೆ ಪುರುಸೊತ್ತೇ ಸಿಗದೆ ಹೋದರೆ? ನಮ್ಮ ಮನೆಯಲ್ಲಿ ಆದದ್ದು ಅದೇ. ಅದನ್ನು ಮುಂದೆ ಹೇಳುತ್ತೇನೆ.

ದೇವರಿಗೂ ಅದೇ ಮಾತು

ಬೆಟ್ಟಕ್ಕೆ ಬಂದಿದ್ದೀರಿ, ದೇವರ ಮನೆಯ ವಿಚಾರವನ್ನೂ ನೋಡೋಣ. ದೇವರಿಗೆ ನಾವು ಬೇರೆಯದೇ ಆದ, ದೊಡ್ಡದೊಂದು ಮಾತು ಇಟ್ಟಿರಬೇಕು ಅಂತ ನಾನು ತಿಳಿದಿದ್ದೆ. ಹುಡುಕಿ ನೋಡಿದರೆ ಹಾಗಿಲ್ಲ.

ಗುಡಿ ಅನ್ನುವ ಮಾತು ನೋಡಿ. ಅದರ ಮೂಲದ ಅರ್ಥ ವಾಸದ ಮನೆ. ತಮಿಳಿನ ಕುಡಿ ಅಂದರೆ ಮನೆ, ಒಕ್ಕಲು, ಮನೆತನ. ನಮ್ಮ ಗುಡಿಸಲು ಇದೇ ಬೇರಿನದು. ಅಂದರೆ ಗುಡಿಯೂ ಗುಡಿಸಲೂ ಒಂದೇ ತಾಯಿಯ ಮಕ್ಕಳು! ಆಲಯ ಅನ್ನುವುದು ಸಂಸ್ಕೃತದ್ದು. ಅಂಟಿಕೊಂಡು ನೆಲೆಯಾಗುವ ಜಾಗ ಅಂತ ಅರ್ಥ. ಹಿಮ ನೆಲೆಸಿದ್ದು ಹಿಮಾಲಯ, ದೇವರು ನೆಲೆಸಿದ್ದು ದೇವಾಲಯ. ದೇಗುಲ ಬಂದದ್ದು ದೇವಕುಲದಿಂದ, ಅದೂ ದೇವರ ಮನೆಯೇ. ಬಸದಿ ಅನ್ನುವುದು ವಸತಿ ಎಂಬ ಮಾತಿನ ತದ್ಭವ.

ಬಸದಿ ಅಂದ ಕೂಡಲೇ ಈ ಬೆಟ್ಟದ ನೆನಪೊಂದು ಬರುತ್ತದೆ. ಹೊಯ್ಸಳ ವಿಷ್ಣುವರ್ಧನನ ರಾಣಿ ಶಾಂತಲೆ ಶ್ರವಣಬೆಳಗೊಳದಲ್ಲಿ 1123ರಲ್ಲಿ ಸವತಿಗಂಧವಾರಣ ಬಸದಿಯನ್ನು ಕಟ್ಟಿಸಿದಳು. 1131ರಲ್ಲಿ ಆಕೆ ದೇಹ ಬಿಟ್ಟದ್ದು ಇದೇ ಶಿವಗಂಗೆಯಲ್ಲಿ ಎಂದು ಶ್ರವಣಬೆಳಗೊಳದ ಶಾಸನ ಹೇಳುತ್ತದೆ. ಅರಮನೆಯ ರಾಣಿ, ಅರಮನೆ ಬಿಟ್ಟು ಬೆಟ್ಟದಲ್ಲಿ ಕಣ್ಣು ಮುಚ್ಚಿದಳು. ಇದ್ದ ಮನೆ ಒಂದು, ಕಟ್ಟಿಸಿದ ಮನೆ ಇನ್ನೊಂದು, ಕೊನೆಗೆ ಉಳಿದ ನೆಲೆ ಮತ್ತೊಂದು.

ಒಟ್ಟಿನಲ್ಲಿ ಗುಡಿ, ಆಲಯ, ದೇಗುಲ, ಬಸದಿ ಇವು ನಾಲ್ಕರ ಬೇರಿನಲ್ಲಿ ಇರುವುದೂ ಮನುಷ್ಯರು ತಮ್ಮ ವಾಸಕ್ಕೆ ಬಳಸುತ್ತಿದ್ದ ಮಾತೇ. ಹಿರಿಯರು ದೇವರಿಗೆ ಹೊಸ ಮಾತು ಹುಟ್ಟಿಸಲಿಲ್ಲ. ತಾವು ಇರುವಂಥದ್ದೇ ಮನೆ ಕೊಟ್ಟು "ಬಾರಪ್ಪ, ನೀನೂ ಇರು" ಅಂದರು.

ಗವಿಯಂತೂ ಯಾರೂ ಕಟ್ಟಿಸದ ಮನೆ. ನಮ್ಮ ಇಟ್ಟಮಡುವಿನಿಂದ ನಾಲ್ಕೈದು ಕಿಲೋಮೀಟರು ದೂರದ ಗವಿಪುರದಲ್ಲೂ ಒಬ್ಬ ಗವಿ ಗಂಗಾಧರೇಶ್ವರ ಇದ್ದಾನೆ. ಅವನದೂ ಇಲ್ಲಿಯ ಸ್ವಾಮಿಯದೇ ಹೆಸರು. ಮಕರ ಸಂಕ್ರಾಂತಿಯ ಸಂಜೆ ಸೂರ್ಯನ ಬೆಳಕು ನಂದಿಯ ಕೊಂಬುಗಳ ನಡುವೆ ಹಾದು ಗವಿಯೊಳಗಿನ ಲಿಂಗದ ಮೇಲೆ ಬೀಳುತ್ತದೆ. ಅದನ್ನು ನೋಡಲು ಜನ ಸೇರುತ್ತಾರೆ. ಎಷ್ಟೋ ವರ್ಷ ನಾನೂ ನೋಡಿದ್ದೇನೆ. ಹೊರಗಿನ ಬೆಳಕು ಒಳಗಿನ ಕತ್ತಲೆಯವರೆಗೆ ಬಂದು ತಲುಪುವುದನ್ನು ಹಬ್ಬ ಅಂತ ಮಾಡಿದ ಜನ ನಾವು. ಇದನ್ನು ನೆನಪಿಟ್ಟುಕೊಳ್ಳಿ.

2017ರ ಮಳೆ

ಈಗ ನಮ್ಮ ಮನೆಯ ಮಾತಿಗೆ ಬರುತ್ತೇನೆ. ಹೇಳಲು ನಾಚಿಕೆಯಾಗುತ್ತದೆ, ಆದರೂ ಹೇಳಬೇಕು.

ಇಟ್ಟಮಡುವಿನಲ್ಲಿ ನಾವು ಮನೆ ಕಟ್ಟಿಸಿದ್ದು 1996ರಲ್ಲಿ. ಗೃಹಪ್ರವೇಶದ ದಿನ ಪದ್ಧತಿಯಂತೆ ಮೊದಲು ಹಸುವನ್ನು ಒಳಗೆ ಕರೆದುಕೊಂಡು ಬಂದೆವು. ಹಾಲು ಉಕ್ಕಿಸಿದೆವು. ನಡುಮನೆ ಹಾಲ್ ಆಗಿತ್ತು, ಅಡಿಗೆಮನೆ ಕಿಚನ್ ಆಗಿತ್ತು, ದೇವರಮನೆಯ ಹೆಸರು ಮಾತ್ರ ಬದಲಾಗಿರಲಿಲ್ಲ. ವರ್ಷಗಳು ಕಳೆದ ಹಾಗೆ ಒಂದು ರೂಮಿನ ತುಂಬ ಹಳೇ ಸಾಮಾನು ತುಂಬಿತು. ಮಗಳ ಸೈಕಲ್ಲು, ಕೆಟ್ಟ ಟಿ.ವಿ., ಅಟ್ಟಿಯ ಮೇಲೆ ಅಟ್ಟಿ ರಟ್ಟಿನ ಡಬ್ಬಗಳು. ಅದಕ್ಕೆ ಬೀಗ ಬೇರೆ.

ಎದುರಿನ ಸೈಟಿನಲ್ಲಿ ಕಟ್ಟಡದ ಕೆಲಸ ಶುರುವಾಯಿತು. ಕಾವಲಿಗೆ ಕೊಪ್ಪಳದ ಕಡೆಯ ಒಂದು ಸಂಸಾರ ಬಂತು. ಗಂಡ, ಹೆಂಡತಿ, ಎರಡು ಮಕ್ಕಳು. ಜಲ್ಲಿ, ಮರಳಿನ ಗುಡ್ಡೆಯ ಪಕ್ಕ ತಗಡಿನ ಶೆಡ್ಡು. ಆ ಹೆಣ್ಣುಮಗಳು ನಮ್ಮ ಮನೆಗೂ ಪಾತ್ರೆ ತೊಳೆಯಲು ಬರುತ್ತಿದ್ದಳು. ಮೊದಲ ದಿನ ಮಾತಿಗೆ "ಎಲ್ಲಮ್ಮ ನಿಮ್ಮ ಮನೆ?" ಅಂದೆ. ಊರಿನ ಹೆಸರು ಹೇಳುತ್ತಾಳೆ ಅಂದುಕೊಂಡಿದ್ದೆ. ಅವಳು ಎದುರಿನ ಶೆಡ್ಡಿಗೆ ಕೈ ತೋರಿಸಿ, "ಅದ ನೋಡ್ರಿ ಸರ್ರ, ನಮ್ಮ ಮನಿ" ಅಂದಳು. ಶೆಡ್ಡಿನ ಮುಂದೆ ಸಗಣಿ ಸಾರಿಸಿ ರಂಗೋಲಿ ಇಟ್ಟಿದ್ದಳು.

2017ನೇ ಇಸವಿಯ ಮಳೆಗಾಲ ಬೆಂಗಳೂರಿನವರಿಗೆ ನೆನಪಿರಬೇಕು. ಒಂದು ರಾತ್ರಿ ಹತ್ತು ಗಂಟೆಯ ಮೇಲೆ ಸುರಿಯಲು ಹತ್ತಿದ ಮಳೆ ನಿಲ್ಲಲೇ ಇಲ್ಲ. ಮಡು ಅಂದರೆ ಹರಿಯುವ ನೀರು ನಿಂತು ಆಳವಾಗುವ ಜಾಗ. ನಮ್ಮ ಬೀದಿ ಅಂದು ಆ ಹೆಸರನ್ನು ನಿಜ ಮಾಡಿತು. ಗೇಟು ಬಡಿದ ಸದ್ದಾಯಿತು. ನೋಡಿದರೆ ಆ ಸಂಸಾರ. ಶೆಡ್ಡಿನೊಳಗೆ ಮೊಣಕಾಲುದ್ದ ನೀರು. ಚಿಕ್ಕದು ತಾಯಿಯ ಹೆಗಲ ಮೇಲೆ ನಿದ್ದೆ ಮಾಡುತ್ತಿತ್ತು.

ನಾನು ಗೇಟು ತೆಗೆದೆ. ಪೋರ್ಟಿಕೋದಲ್ಲಿ ಕಾರಿನ ಪಕ್ಕ ಜಾಗ ಇತ್ತು. "ಇಲ್ಲಿ ಮಲಗಿಕೊಳ್ಳಿ, ನೀರು ಹತ್ತುವುದಿಲ್ಲ" ಅಂದೆ. ನಮ್ಮ ಮನೆಯವರು ಎರಡು ಹಳೇ ಕಂಬಳಿ, ಒಂದು ಫ್ಲಾಸ್ಕಿನಲ್ಲಿ ಹಾಲು ತಂದುಕೊಟ್ಟರು. ಆಮೇಲೆ ಬಾಗಿಲು ಹಾಕಿಕೊಂಡು ಒಳಗೆ ಬಂದೆವು. ಒಳಗಿನ ಚಿಲಕ ಹಾಕಿದೆ. ಮೇಲಿನ ಚಿಲಕವನ್ನೂ ಹಾಕಿದೆ. ಆ ಸದ್ದು ಅವರಿಗೆ ಕೇಳಿಸಿರಬೇಕು.

ಒಳ್ಳೆಯ ಕೆಲಸ ಮಾಡಿದೆ ಅಂತಲೇ ಮಲಗಿದೆ. ನಿದ್ದೆ ಬರಲಿಲ್ಲ. ಹೊರಗೆ ಮಗು ಕೆಮ್ಮುತ್ತಿತ್ತು. ಕೆಟ್ಟ ಟಿ.ವಿ. ಒಳಗೆ ಬೆಚ್ಚಗಿತ್ತು.

ಬೆಳಿಗ್ಗೆ ಬಾಗಿಲು ತೆಗೆಯುವಷ್ಟರಲ್ಲಿ ಅವರು ಹೋಗಿದ್ದರು. ಕಂಬಳಿ ಮಡಿಸಿ ಇಟ್ಟಿದ್ದರು. ಪೋರ್ಟಿಕೋ ಗುಡಿಸಿ, ತೊಳೆದು, ನಮ್ಮ ಹೊಸಿಲ ಮುಂದೆ ರಂಗೋಲಿ ಹಾಕಿತ್ತು. ರಂಗೋಲಿ ನೋಡುತ್ತ ನಿಂತ ನಮ್ಮ ಮನೆಯವರು ಒಂದೇ ಮಾತು ಅಂದರು: "ಹಸೂನ ಮೊದಲು ಒಳಗೆ ಕರೆದ್ವಿ, ಅಲ್ವೇನ್ರೀ?" ಅದಕ್ಕೆ ನಾನು ಏನು ಉತ್ತರ ಕೊಡಲಿ?

ಆಮೇಲೆ ಒಂದು ದಿನ ಆ ಹೆಣ್ಣುಮಗಳು ಪಾತ್ರೆ ತೊಳೆಯುತ್ತ ತನ್ನೂರಿನ ಸುದ್ದಿ ಹೇಳುತ್ತಿದ್ದಳು. ಕೊಪ್ಪಳದ ಗವಿಮಠದ ಜಾತ್ರೆಯ ವೈಭವ, ಲಕ್ಷಗಟ್ಟಲೆ ಜನಕ್ಕೆ ನಡೆಯುವ ದಾಸೋಹ. "ಜಾತ್ರಿಗೆ ಬಂದವರು ಯಾರದರ ಮನ್ಯಾಗ ಇಳಕೊಂತಾರ್ರೀ ಅಕ್ಕಾರ. ಗುರ್ತು ಇರಬೇಕಂತೇನಿಲ್ಲ" ಅಂದಳು. ನಮ್ಮನ್ನು ಚುಚ್ಚಲು ಹೇಳಿದ ಮಾತಲ್ಲ ಅದು. ಸುಮ್ಮನೆ ತನ್ನೂರನ್ನು ನೆನೆದು ಹೇಳಿದ್ದು. ಕಟ್ಟಡ ಮುಗಿಯಿತು. ಶೆಡ್ಡು ಬಿಚ್ಚಿದರು. ಅವರು ಬೇರೆ ಯಾವುದೋ ಸೈಟಿಗೆ ಹೋದರು. ಮತ್ತೆ ಕಾಣಸಿಗಲಿಲ್ಲ. ಆ ಸಾಲ ಹಾಗೇ ಉಳಿದಿದೆ.

ಬಾಗಿಲು ಬೇಡವೇ?

ಇದನ್ನು ಓದಿ ನೀವು ಕೇಳಬಹುದು, "ಸ್ವಾಮಿ, ಈ ಕಾಲದಲ್ಲಿ ಕಂಡವರನ್ನೆಲ್ಲ ಒಳಗೆ ಬಿಡೋಕಾಗುತ್ತಾ? ಪೇಪರಿನಲ್ಲಿ ದಿನಾ ಏನೇನು ಓದ್ತೀವಿ?" ನ್ಯಾಯವಾದ ಪ್ರಶ್ನೆ. ಬಾಗಿಲು ಬೇಡ ಅಂತ ನಾನು ಹೇಳುವುದಿಲ್ಲ. ಬಾಗಿಲಿಲ್ಲದ್ದು ಬೀದಿ, ಮನೆಯಲ್ಲ. ಚೌಕಾಬಾರದ ಆ ಮನೆಯಲ್ಲೂ ಹೊಡೆಯುವವನಿಗೆ ಅಂಕೆ ಇರುವುದರಿಂದಲೇ ಒಳಗಿದ್ದವನು ಉಳಿಯುತ್ತಾನೆ. ಹೆಣ್ಣುಮಕ್ಕಳು, ವಯಸ್ಸಾದವರು ಇರುವ ಮನೆಗೆ ಎಚ್ಚರಿಕೆ ಬೇಕೇ ಬೇಕು.

ಆದರೆ ಆ ರಾತ್ರಿ ನಾನು ಚಿಲಕ ಹಾಕಿದ್ದು ಎಚ್ಚರಿಕೆಯಿಂದಲೇ? ನನ್ನನ್ನು ನಾನು ಬಹಳ ಸಲ ಕೇಳಿಕೊಂಡಿದ್ದೇನೆ. ಆ ಹೆಣ್ಣುಮಗಳು ನಮ್ಮ ಅಡಿಗೆಮನೆಯವರೆಗೆ ದಿನಾ ಬರುತ್ತಿದ್ದಳು. ಬೀಗದ ಕೈ ಎಲ್ಲಿದೆ ಅಂತ ಅವಳಿಗೆ ಗೊತ್ತಿತ್ತು. ಆರು ತಿಂಗಳಲ್ಲಿ ಒಂದು ಚಮಚ ಕಳೆದಿರಲಿಲ್ಲ. ಅಂದರೆ ಕೆಲಸಕ್ಕೆ ಬರುವಾಗ ಇರದ ಭಯ, ಮಲಗಲು ಬಂದಾಗ ಹುಟ್ಟಿತು. ಕೆಲಸ ಮಾಡುವವಳು ಬಂದು ಹೋಗುವವಳು, ಮಲಗುವವಳು ಉಳಿಯುವವಳು. ಅವಳು ಉಳಿಯುವುದನ್ನು ನನ್ನ ಮನಸ್ಸು ಒಪ್ಪಲಿಲ್ಲ. ಅದು ಎಚ್ಚರಿಕೆಯಲ್ಲ. ಅದಕ್ಕೆ ಬೇರೆ ಹೆಸರಿದೆ, ನಿಮಗೂ ಗೊತ್ತು.

ನಮ್ಮ ದೇಶದಲ್ಲಿ ಬಹಳ ಕಾಲ ಎಷ್ಟೋ ಜನರನ್ನು ಗುಡಿಯ ಹೊರಗೇ ನಿಲ್ಲಿಸಿದ್ದರು. 1950ರಲ್ಲಿ ಜಾರಿಗೆ ಬಂದ ಸಂವಿಧಾನದ 17ನೇ ವಿಧಿ ಅಸ್ಪೃಶ್ಯತೆಯನ್ನು ತೊಡೆದು ಹಾಕಿತು. 1955ರಲ್ಲಿ ಅದಕ್ಕೆ ಕಾಯಿದೆಯೂ ಬಂತು. ಗುಡಿಯ ಬಾಗಿಲಿಗೆ ಕಾನೂನು ಬಂದು ನಿಲ್ಲಬಹುದು. ನಿಲ್ಲಲೇಬೇಕು. ಆದರೆ ನಮ್ಮ ನಡುಮನೆಯ ಬಾಗಿಲಿಗೆ, ನಾವು ಹಾಕುವ ಎರಡನೇ ಚಿಲಕಕ್ಕೆ ಯಾವ ಕಾನೂನೂ ಬರುವುದಿಲ್ಲ. ಅಲ್ಲಿ ನಾವೇ ಎದ್ದು ಹೋಗಿ ತೆಗೆಯಬೇಕು.

ನಾನು ದೊಡ್ಡ ದಾನಿಯೇನೂ ಆಗಲಿಲ್ಲ. ಮಾಡಿದ್ದು ಇಷ್ಟೇ. ಸಾಮಾನಿನ ರೂಮಿನ ಬೀಗ ತೆಗೆಸಿ, ಹಳೆಯದನ್ನೆಲ್ಲ ಗುಜರಿಗೆ ಹಾಕಿ, ಒಂದು ಮಂಚ, ಒಂದು ಚಾಪೆ ಇಟ್ಟೆವು. ಪರೀಕ್ಷೆ ಬರೆಯಲು ಊರಿನಿಂದ ಬರುವ ಹುಡುಗರು, ಆಸ್ಪತ್ರೆಯಲ್ಲಿ ರೋಗಿಯ ಜೊತೆ ಇರಲು ಬಂದು ಮಲಗಲು ಜಾಗವಿಲ್ಲದವರು, ಹೀಗೆ ಯಾರಾದರೂ ಒಂದು ದಿನ ಎರಡು ದಿನ ಇರುತ್ತಾರೆ. ನಮ್ಮ ಮನೆಯವರು ಆ ರೂಮಿಗೆ ತಾವಾಗಿಯೇ ಒಂದು ಹೆಸರು ಇಟ್ಟಿದ್ದಾರೆ, "ಬಂದವರ ಮನೆ" ಅಂತ. ಮನೆಯೊಳಗೆ ಮತ್ತೆ ಒಂದು ಮನೆ ಹುಟ್ಟಿತು. ತೆರೆದ ಮೇಲೂ ಕೆಲವು ಸಲ ಭಯವಾಗಿದೆ, ಒಂದೆರಡು ಸಲ ಬೇಸರವೂ ಆಗಿದೆ. ಅದನ್ನು ಮುಚ್ಚಿಡುವುದಿಲ್ಲ. ಆದರೆ ಆ ರಾತ್ರಿಯ ಕೆಮ್ಮಿನಷ್ಟು ಯಾವುದೂ ನನ್ನ ನಿದ್ದೆ ಕೆಡಿಸಿಲ್ಲ.

ಒಳಕಲ್ಲಿನ ಮುಂದೆ

ಮೇಲೆ ಹೋಗುವಾಗ ಒಳಕಲ್ಲು ತೀರ್ಥ ನೋಡುತ್ತೀರಿ. ಬಂಡೆಯ ಕುಳಿಯೊಳಗೆ ಕೈ ಇಳಿಸಿ ನೀರು ಸಿಕ್ಕಿತೋ ಇಲ್ಲವೋ ಅಂತ ನೋಡುವುದು ಹಿಂದಿನಿಂದ ಬಂದ ರೂಢಿ. ಸಿಕ್ಕಿದವರು ಪುಣ್ಯವಂತರು ಎಂಬ ನಂಬಿಕೆ. ಒಳಕಲ್ಲು ಅಂದರೆ ಒಳಗಿನ ಕಲ್ಲು ಅಂತ ಬಹಳ ಜನ ತಿಳಿಯುತ್ತಾರೆ. ಅದು ಒರಳುಕಲ್ಲು, ಅಡಿಗೆಮನೆಯ ಒರಳೇ. ದೊಡ್ಡ ಬೆಟ್ಟದ ಮೇಲಿನ ತೀರ್ಥಕ್ಕೂ ಜನ ಇಟ್ಟದ್ದು ಮನೆಯ ಪಾತ್ರದ ಹೆಸರು ನೋಡಿ!

ನೀವೂ ಕೈ ಇಳಿಸಿ. ನೀರು ಸಿಕ್ಕರೆ ಸಂತೋಷ. ಸಿಗದಿದ್ದರೆ ಕೊರಗಬೇಡಿ. ಪಕ್ಕದವರಿಗೆ ಸಿಗಲಿಲ್ಲ ಅಂತ ನಗಲೂಬೇಡಿ. ಕೈ ಎಷ್ಟು ಉದ್ದ ಅನ್ನುವುದು ಹುಟ್ಟಿನಿಂದ ಬಂದದ್ದು. ಕೈ ಯಾರಿಗೆ ಚಾಚುತ್ತೇವೆ ಅನ್ನುವುದು ಮಾತ್ರ ನಮ್ಮದು.

ನನ್ನ ಮೊಮ್ಮಗನಿಗೆ ಆಮೇಲೆ ಬಸ್ಸಿನಲ್ಲಿ ಉತ್ತರ ಹೇಳಿದೆ. "ಹೌದು ಕಂದ, ಸ್ವಾಮಿಗೆ ಒಂದೇ ರೂಮು. ಆದರೆ ಇವತ್ತು ಎಷ್ಟು ಜನ ಒಳಗೆ ಹೋಗಿ ಬಂದರು ಲೆಕ್ಕ ಹಾಕು." ಹುಡುಗ ಬೆರಳು ಎಣಿಸಿ ಎಣಿಸಿ ಸೋತು, "ತುಂಬಾ ಜನ ತಾತ" ಅಂದ. ಸ್ವಲ್ಪ ಹೊತ್ತು ಬಿಟ್ಟು, "ಹಾಗಾದ್ರೆ ಅದು ದೊಡ್ಡ ಮನೆ" ಅಂದ.

ಗವಿಯೊಳಗೆ ಹೋಗುವಾಗ ಎಲ್ಲರೂ ತಲೆ ಬಗ್ಗಿಸಿದಿರಿ. ನಿಮ್ಮ ಊರೇನು, ಕುಲವೇನು, ಬಾಡಿಗೆ ಮನೆಯೋ ಸ್ವಂತ ಮನೆಯೋ ಅಂತ ಕಲ್ಲು ಕೇಳಲಿಲ್ಲ. ಪ್ರಸಾದ ಮನೆಗೆ ಒಯ್ಯುತ್ತೀರಿ. ಅದರ ಜೊತೆ ಇಷ್ಟನ್ನೂ ಒಯ್ಯಿರಿ. ಸುರಕ್ಷಿತವಾಗಿ ಬೆಟ್ಟ ಇಳಿಯಿರಿ. ಊರು ಸೇರಿದ ಮೇಲೆ ನಿಮ್ಮ ಮನೆಯ ಹೊಸಿಲ ಮೇಲೆ ಒಂದು ಕ್ಷಣ ನಿಂತು ಕೇಳಿಕೊಳ್ಳಿ, "ಮಳೆ ಬಂದ ರಾತ್ರಿ ಯಾರಾದರೂ ಬಾಗಿಲು ತಟ್ಟಿದರೆ, ಇದು ಅವರಿಗೂ ಮನೆಯಾಗುತ್ತದೆಯೇ?"

ಎಲ್ಲರಿಗೂ ಒಳ್ಳೆಯದಾಗಲಿ.